ಬಿಂದುಸಾಂದ್ರತೆಯೂ ಮಸಿಯ ವೆಚ್ಚವೂ

ಅಕ್ಷರವು ನಿಲ್ಲುವುದು ಮಸಿಯ ಆಶ್ರಯದಲ್ಲಿ. ನಮ್ಮ ಹಿರಿಯರು ಓಲೆಗರಿಯ ಮೇಲೆ ಕಂಟದಿಂದ ಅಕ್ಷರಗಳನ್ನು ಕೊರೆದು, ಅನಂತರ ಕಾಡಿಗೆಯನ್ನು ಸವರಿ ಒರೆಸುತ್ತಿದ್ದರು. ಗೀರಿನೊಳಗೆ ಎಷ್ಟು ಕಪ್ಪು ನಿಂತಿತೋ ಅಷ್ಟು ಅಕ್ಷರಕ್ಕೆ. ಮಿಕ್ಕುದು ಒರೆಸುವ ಬಟ್ಟೆಗೆ. ಮಸಿ ಎಷ್ಟು ಬೇಕೆಂಬುದನ್ನು ಅಲ್ಲಿ ಗೀರಿನ ಆಳವೇ ನಿರ್ಣಯಿಸುತ್ತಿತ್ತು. ಅಚ್ಚುಮೊಳೆಗಳ ಕಾಲ ಬಂದಾಗ ಮೊಳೆಯ ಮುಖದ ಅಗಲವೂ, ಅದಕ್ಕೆ ಮಸಿ ಹಚ್ಚುವ ಉರುಳೆಯ ಹದವೂ ಆ ಕೆಲಸವನ್ನು ವಹಿಸಿಕೊಂಡವು. ಇಂದು ಅನೇಕ ಶಾಲೆಗಳ ಕಛೇರಿಗಳಲ್ಲಿ ಮೇಜಿನ ಮೂಲೆಯನ್ನು ಹಿಡಿದು ಕುಳಿತಿರುವ ಇಂಕ್‌ಜೆಟ್ ಮುದ್ರಣಯಂತ್ರದಲ್ಲಿ ಗೀರೂ ಇಲ್ಲ, ಮೊಳೆಯೂ ಇಲ್ಲ. ಮುದ್ರಿಸುವ ಅಂಗವು ಕಾಗದವನ್ನು ಮುಟ್ಟುವುದೇ ಇಲ್ಲ. ಕೂದಲೆಳೆಗಿಂತಲೂ ಸೂಕ್ಷ್ಮವಾದ ರಂಧ್ರಗಳಿಂದ ಮಸಿಯು ಹನಿಹನಿಯಾಗಿ ಚಿಮ್ಮಿ ಕಾಗದದ ಮೇಲೆ ಬೀಳುತ್ತದೆ. ಎಲ್ಲಿ ಬೀಳಬೇಕು, ಎಷ್ಟು ಬೀಳಬೇಕು ಎಂಬುದನ್ನು ಗಣಕಯಂತ್ರವು ಆಜ್ಞಾಪಿಸುತ್ತದೆ. ಗಣಕಕ್ಕೆ ಆಜ್ಞಾಪಿಸುವವರು ನಾವು.

ಈ ಆಜ್ಞೆಯ ವಿಷಯದಲ್ಲಿಯೇ ಅಧ್ಯಾಪಕರ ಕೊಠಡಿಗಳಲ್ಲಿ ಎರಡು ಪಕ್ಷಗಳು ಏರ್ಪಟ್ಟಿರುವುದನ್ನು ಕಾಣುತ್ತೇವೆ. ಶಾಲೆಯಿಂದ ಹೊರಡುವ ಪ್ರತಿಯೊಂದು ಹಾಳೆಯೂ ಅಂದವಾಗಿರಬೇಕು, ಆದುದರಿಂದ ಯಂತ್ರವನ್ನು ಅತ್ಯುನ್ನತ ‘ರೆಸಲ್ಯೂಷನ್’ನಲ್ಲಿ ಇರಿಸತಕ್ಕದ್ದು ಎಂಬುದು ಒಂದು ಪಕ್ಷ. ದಾನಿಗಳು ಕೊಟ್ಟ ಹಣ ಮಸಿಯಾಗಿ ಹರಿದುಹೋಗಬಾರದು, ಆದುದರಿಂದ ಅತ್ಯಂತ ಕೆಳಗಿನ ದರ್ಜೆಯಲ್ಲಿ ಇರಿಸತಕ್ಕದ್ದು ಎಂಬುದು ಇನ್ನೊಂದು. ವಾದದಲ್ಲಿ ಎದುರುಬದುರಾದರೂ ಇಬ್ಬರೂ ಒಂದು ಮಾತನ್ನು ಪರೀಕ್ಷಿಸದೆ ಒಪ್ಪಿಕೊಂಡಿದ್ದಾರೆ. ರೆಸಲ್ಯೂಷನ್ನಿನ ಸಂಖ್ಯೆ ಏರಿದಂತೆಲ್ಲ ಮಸಿಯೂ ಅದೇ ಪ್ರಮಾಣದಲ್ಲಿ ವ್ಯಯವಾಗುತ್ತದೆ ಎಂಬುದೇ ಆ ಮಾತು. ಪ್ರಕೃತ ಲೇಖನದ ಉದ್ದೇಶ ಅದನ್ನು ಒರೆಗೆ ಹಚ್ಚುವುದು.

ಕನ್ನಡ ಪಂಡಿತನಿಗೆ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಗೊಡವೆ ಇದೆ. ನಮ್ಮ ಲಿಪಿಯಲ್ಲಿ ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ಭೇದ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ‘ಬ’-‘ಭ’, ‘ಡ’-‘ಢ’, ‘ಪ’-‘ಫ’ಗಳ ಸ್ಥಿತಿಯೂ ಇದೇ. ಆ ಸೀಳು ಅಳಿಸಿಹೋದರೆ ‘ಧನಸಂಗ್ರಹ’ವು ‘ದನಸಂಗ್ರಹ’ವಾಗುತ್ತದೆ, ದಾನಿಗಳಿಗೆ ಕಳುಹಿಸುವ ವಿನಂತಿಪತ್ರದಲ್ಲಿ ಇದು ಸಂಭವಿಸಿದರೆ ನಕ್ಕು ಮರೆಯಬಹುದು. ಆದರೆ ಪ್ರಶ್ನೆಪತ್ರಿಕೆಯಲ್ಲಿ ಅಲ್ಪಪ್ರಾಣ-ಮಹಾಪ್ರಾಣಗಳ ಭೇದವನ್ನು ಗುರುತಿಸಿರೆಂದು ಕೇಳಿ, ಆ ಭೇದವೇ ಕಾಣದಂತಹ ಮುದ್ರಣವನ್ನು ಹನ್ನೊಂದು ವರ್ಷದ ಮಗುವಿನ ಮುಂದಿಟ್ಟರೆ ಅದು ಪರೀಕ್ಷೆಯಲ್ಲ, ಅನ್ಯಾಯ. ಒತ್ತಕ್ಷರಗಳ ಪಾಡು ಇನ್ನೂ ಕಷ್ಟದ್ದು. ಆದಕಾರಣ ಮಸಿಯ ಮಿತವ್ಯಯವನ್ನು ಅಕ್ಷರದ ಸ್ಪಷ್ಟತೆಯೊಡನೆಯೇ ತೂಗಿ ನೋಡಬೇಕಾಗಿದೆ.

ಮೊದಲು ಶಬ್ದಾರ್ಥವನ್ನು ನಿಶ್ಚಯಿಸಿಕೊಳ್ಳೋಣ. ಮುದ್ರಣದಲ್ಲಿ ರೆಸಲ್ಯೂಷನ್ ಎಂದರೆ ಒಂದು ಅಂಗುಲದ ಉದ್ದದಲ್ಲಿ ಯಂತ್ರವು ಎಷ್ಟು ಸ್ಥಾನಗಳಲ್ಲಿ ಮಸಿಯ ಬಿಂದುವನ್ನು ಇಡಬಲ್ಲದು ಎಂಬುದರ ಎಣಿಕೆ. ವ್ಯವಹಾರದಲ್ಲಿ ಇದನ್ನು ‘ಡಿಪಿಐ’ ಎನ್ನುವರು. ನಾವು ಬಿಂದುಸಾಂದ್ರತೆ ಎಂದು ಕರೆಯೋಣ. 600ರ ಸಾಂದ್ರತೆಯಲ್ಲಿ ಒಂದು ಚದರ ಅಂಗುಲದೊಳಗೆ 600ನ್ನು 600ರಿಂದ ಗುಣಿಸಿದಷ್ಟು, ಎಂದರೆ 3,60,000 ಸ್ಥಾನಗಳು. ಸಾಂದ್ರತೆಯನ್ನು 1200ಕ್ಕೆ ಏರಿಸಿದರೆ 14,40,000. ಸಂಖ್ಯೆ ಇಮ್ಮಡಿಯಾದಾಗ ಸ್ಥಾನಗಳು ನಾಲ್ಮಡಿಯಾದವು. ಮಿತವ್ಯಯ ಪಕ್ಷದವರ ಭಯಕ್ಕೆ ಮೂಲ ಇಲ್ಲಿದೆ: ಬಿಂದುಗಳು ನಾಲ್ಮಡಿಯಾದರೆ ಮಸಿಯೂ ನಾಲ್ಮಡಿ ತಾನೆ?

ಅಲ್ಲ. ಒಕ್ಕಲುತನದ ಮನೆಯಿಂದ ಬಂದವರಿಗೆ ಇದನ್ನು ಕೂರಿಗೆಯ ದೃಷ್ಟಾಂತದಿಂದ ಸುಲಭವಾಗಿ ತಿಳಿಸಬಹುದು. ಒಂದು ಎಕರೆಗೆ ಎಷ್ಟು ಬೀಜ ಹಿಡಿಯಿತೆಂಬುದು ಸಾಲುಗಳ ಎಣಿಕೆಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಸಾಲುಗಳನ್ನು ಒತ್ತೊತ್ತಾಗಿ ಹಿಡಿದು ಬೀಜವನ್ನು ತೆಳುವಾಗಿ ಬಿಡುವ ಕೈಯೂ ಉಂಟು. ಸಾಲುಗಳನ್ನು ದೂರವಿಟ್ಟು ಬಟ್ಟಲಿಗೆ ಮುಷ್ಟಿಮುಷ್ಟಿಯಾಗಿ ಸುರಿಯುವ ಕೈಯೂ ಉಂಟು. ಸಾಲೆಷ್ಟು, ಸಾಲಿಗೆ ಬೀಜವೆಷ್ಟು, ಬಿತ್ತಿದ ನೆಲವೆಷ್ಟು ಎಂಬ ಮೂರನ್ನೂ ಕೂಡಿಸಿ ಕೇಳಬೇಕು. ಇಂಕ್‌ಜೆಟ್ ಯಂತ್ರದ ಮುದ್ರಣಶಿರವು ಕಾಗದದ ಅಡ್ಡಕ್ಕೆ ಹೋಗಿಬರುವ ಕೂರಿಗೆಯಂತೆ ಇದೆ. ಅದರ ರಂಧ್ರಗಳೇ ತಾಳುಗಳು. ಬಿಂದುಸಾಂದ್ರತೆಯು ಸಾಲಿನ ಅಂತರವನ್ನು ಹೇಳುತ್ತದೆ. ಹನಿಯ ಗಾತ್ರವನ್ನು ಅದು ಹೇಳುವುದಿಲ್ಲ.

ಹನಿಯ ಗಾತ್ರವನ್ನು ಅಳೆಯಲು ಪಿಕೋಲೀಟರ್ ಎಂಬ ಮಾನವನ್ನು ಬಳಸುವರು. ಒಂದು ಲೀಟರನ್ನು ಒಂದು ಲಕ್ಷ ಕೋಟಿ ಭಾಗ ಮಾಡಿದರೆ ಬರುವ ಒಂದು ಭಾಗವದು. 10 ಪಿಕೋಲೀಟರಿನ ಹನಿಯ ವ್ಯಾಸ ಸುಮಾರು 27 ಮೈಕ್ರಾನ್. ಸಾವಿರ ಮೈಕ್ರಾನಿಗೆ ಒಂದು ಮಿಲಿಮೀಟರ್ ಎಂದು ನೆನಪಿರಲಿ. ಇಲ್ಲಿ ಗಣಿತದ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಗೋಳದ ವ್ಯಾಸವನ್ನು ಅರ್ಧಮಾಡಿದರೆ ಅದರ ಗಾತ್ರ ಅರ್ಧವಾಗುವುದಿಲ್ಲ, ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಈಗ 600ರ ಸಾಂದ್ರತೆಯಲ್ಲಿ ಒಂದು ಸ್ಥಾನಕ್ಕೆ 10 ಪಿಕೋಲೀಟರಿನ ಒಂದು ಹನಿ ಬೀಳುತ್ತಿತ್ತೆನ್ನಿ. 1200ಕ್ಕೆ ಏರಿಸಿ, ಹನಿಯ ವ್ಯಾಸವನ್ನೂ ಅರ್ಧಕ್ಕಿಳಿಸಿದರೆ, ಆ ಒಂದು ಸ್ಥಾನದಲ್ಲಿ ನಾಲ್ಕು ಹನಿಗಳು ಬೀಳುತ್ತವೆ, ಒಂದೊಂದೂ 1.25 ಪಿಕೋಲೀಟರ್. ಒಟ್ಟು 5. ಸಾಂದ್ರತೆ ಇಮ್ಮಡಿಯಾಯಿತು, ಮಸಿ ಅರ್ಧವಾಯಿತು! ವಾಸ್ತವದಲ್ಲಿ ಇಷ್ಟು ತೆಳುವಾದ ಲೇಪದಿಂದ ಕಪ್ಪು ಕಪ್ಪಾಗಿ ಕಾಣದೆ ಹೋಗಬಹುದಾದ್ದರಿಂದ ಯಂತ್ರನಿರ್ಮಾಪಕರು ಇನ್ನಷ್ಟು ಹನಿಗಳನ್ನು ಸೇರಿಸುವರು. ಹಾಗಿದ್ದರೂ ಸಂಖ್ಯೆಯ ಏರಿಕೆಯಿಂದ ಮಸಿಯ ಏರಿಕೆಯನ್ನು ನೇರವಾಗಿ ಊಹಿಸುವುದು ಸಲ್ಲದೆಂಬುದಕ್ಕೆ ಈ ಲೆಕ್ಕವೊಂದೇ ಸಾಕು.

ಈ ಯಂತ್ರಗಳ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಕಾಯ್ದ ಬೆಸುಗೆಕಡ್ಡಿಯೊಂದು ಮಸಿ ತುಂಬಿದ ಪಿಚಕಾರಿಯ ಸೂಜಿಗೆ ತಗುಲಿ, ಸೂಜಿಯ ತುದಿಯಿಂದ ಮಸಿ ಚಿಮ್ಮಿತಂತೆ. ಕಾವಿನಿಂದ ಒಂದು ಗುಳ್ಳೆಯನ್ನೆಬ್ಬಿಸಿ ಅದರ ಒತ್ತಡದಿಂದ ಹನಿಯನ್ನು ಹೊರದೂಡುವ ವಿಧಾನ ಅಲ್ಲಿ ಹೀಗೆ ಹುಟ್ಟಿತು. ಇದೇ ತತ್ತ್ವವನ್ನು ಬಳಸಿದ ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ‘ಥಿಂಕ್‌ಜೆಟ್’ 1984ರಲ್ಲಿ ಮಾರುಕಟ್ಟೆಗೆ ಬಂತು. ಅದರ ರಂಧ್ರಗಳು 12, ಸಾಂದ್ರತೆ 96. ಅದೇ ಸಂಸ್ಥೆ 1988ರಲ್ಲಿ 300ಕ್ಕೆ ಏರಿತು. ವಿದ್ಯುತ್ತು ತಾಗಿದಾಗ ಬಾಗುವ ಹರಳನ್ನು ಬಳಸುವ, ‘ಪೀಜೋ’ ಎಂಬ ವಿಧಾನದಿಂದ ಎಪ್ಸನ್ ಸಂಸ್ಥೆ 1994ರಲ್ಲಿ ವರ್ಣಮುದ್ರಣವನ್ನು 720ಕ್ಕೆ ಮುಟ್ಟಿಸಿತು. ಸಾಂದ್ರತೆ ಹೀಗೆ ಏರುತ್ತ ಹೋದಂತೆ ಹನಿಯೂ ಕಿರಿದಾಗುತ್ತ ಬಂದು, ಇಂದು ಒಂದೆರಡು ಪಿಕೋಲೀಟರುಗಳಿಗೆ ಇಳಿದಿದೆ. ಎರಡೂ ಜೊತೆಜೊತೆಯಾಗಿಯೇ ನಡೆದುವು; ಇಲ್ಲದಿದ್ದರೆ ಕಾಗದ ತೊಯ್ದು ಹರಿದೇ ಹೋಗುತ್ತಿತ್ತು.

ತೊಯ್ದು ಹರಿಯುವ ಮಾತು ಅತಿಶಯೋಕ್ತಿಯಲ್ಲ. ಕೆಲವು ಯಂತ್ರಗಳ ಪೆಟ್ಟಿಗೆಯ ಮೇಲೆ 5760×1440 ಎಂಬ ದೊಡ್ಡ ಸಂಖ್ಯೆ ಅಚ್ಚಾಗಿರುತ್ತದೆ. ಗುಣಿಸಿದರೆ ಚದರ ಅಂಗುಲಕ್ಕೆ 82,94,400 ಸ್ಥಾನಗಳು. ಪ್ರತಿಯೊಂದರಲ್ಲಿಯೂ ಒಂದೂವರೆ ಪಿಕೋಲೀಟರಿನ ಹನಿಯನ್ನು ನಿಜವಾಗಿಯೂ ಹಾಕಿದರೆ ಅಂಗುಲಕ್ಕೆ 12.4 ಮೈಕ್ರೊಲೀಟರ್ ಮಸಿ, ಎಂದರೆ ಕಾಗದದ ಮೇಲೆ 19 ಮೈಕ್ರಾನ್ ದಪ್ಪದ ನೀರಿನ ಪದರ. ನಾವು ಬಳಸುವ ಸಾಮಾನ್ಯ ಕಾಗದದ ದಪ್ಪವೇ ನೂರು ಮೈಕ್ರಾನಿನ ಆಸುಪಾಸು. ಅಷ್ಟಲ್ಲದೆ 5760ರಲ್ಲಿ ಸ್ಥಾನದಿಂದ ಸ್ಥಾನಕ್ಕೆ ಇರುವ ಅಂತರ 4.4 ಮೈಕ್ರಾನ್, ಹನಿಯ ವ್ಯಾಸವೋ 14 ಮೈಕ್ರಾನ್. ಅಕ್ಕಪಕ್ಕದ ಮೂರು ಸ್ಥಾನಗಳನ್ನು ಒಂದೇ ಹನಿ ಆಕ್ರಮಿಸುತ್ತದೆ. ಎಲ್ಲವನ್ನೂ ತುಂಬುವ ಪ್ರಸಕ್ತಿಯೇ ಇಲ್ಲವೆಂದಾಯಿತು. ಆ ಸಂಖ್ಯೆಯು ಹನಿಯನ್ನು ಎಷ್ಟು ನವುರಾಗಿ ಅತ್ತಿತ್ತ ಸರಿಸಿ ಇಡಬಹುದೆಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಹನಿಗಳು ಬಿದ್ದುವೆಂಬುದನ್ನಲ್ಲ. ಅಂಗಡಿಯಲ್ಲಿ ಆ ಸಂಖ್ಯೆಯನ್ನು ನೋಡಿ ಮರುಳಾಗುವುದೂ ಬೇಡ, ಹೆದರುವುದೂ ಬೇಡ.

ಹಾಗಾದರೆ ಮಸಿಯನ್ನು ಕುಡಿಯುವುದು ಯಾವುದು? ಮಸಿಯ ಸೀಸೆಯ ಮೇಲಿನ ಬರಹದಿಂದಲೇ ಉತ್ತರವನ್ನು ಹಿಂಡಬಹುದು. ತೊಟ್ಟಿಯುಳ್ಳ ಯಂತ್ರಗಳಿಗೆಂದು ಮಾರುವ ಒಂದು ಬಗೆಯ ಕಪ್ಪು ಮಸಿಯ ಸೀಸೆಯಲ್ಲಿ 65 ಮಿಲಿಲೀಟರ್ ಇರುತ್ತದೆ. ಅದರಿಂದ 4,500 ಪುಟಗಳು ದೊರೆಯುತ್ತವೆಂದು ತಯಾರಕರ ಹೇಳಿಕೆ. ಭಾಗಿಸಿದರೆ ಪುಟಕ್ಕೆ 14.4 ಮೈಕ್ರೊಲೀಟರ್. ಎ-4 ಅಳತೆಯ ಹಾಳೆಯ ವಿಸ್ತೀರ್ಣ ಸುಮಾರು 97 ಚದರ ಅಂಗುಲ. ಅಕ್ಷರಗಳು ಆವರಿಸುವ ಭಾಗವನ್ನು ಶೇಕಡಾ 5 ಎಂದು ಹಿಡಿದರೆ ಐದು ಚದರ ಅಂಗುಲಕ್ಕೆ ತುಸು ಕಡಿಮೆ. ಅಲ್ಲಿಗೆ, ಒಂದು ಚದರ ಅಂಗುಲವನ್ನು ಪೂರ್ತಿ ಕಪ್ಪು ಮಾಡಲು ಸುಮಾರು 3 ಮೈಕ್ರೊಲೀಟರ್ ಬೇಕೆಂದು ತಿಳಿಯುತ್ತದೆ. 600ರ ಸಾಂದ್ರತೆಯಲ್ಲಿ 10 ಪಿಕೋಲೀಟರಿನ ಹನಿಗಳನ್ನು ಎಡೆಬಿಡದೆ ಇಟ್ಟರೆ 3.6 ಬರುತ್ತದೆ. ಬೇರೆ ಬೇರೆ ದಾರಿಯಲ್ಲಿ ಹೊರಟ ಎರಡು ಲೆಕ್ಕಗಳು ಹತ್ತಿರಹತ್ತಿರ ಬಂದು ನಿಂತಿರುವುದನ್ನು ನೋಡಿದರೆ ಅಂದಾಜು ದಾರಿ ತಪ್ಪಿಲ್ಲವೆಂದು ನಂಬಬಹುದು.

ಈ ಮೂರು ಮೈಕ್ರೊಲೀಟರನ್ನು ಕೈಯಲ್ಲಿ ಹಿಡಿದು ಶಾಲೆಯ ಕಾಗದಪತ್ರಗಳ ಕಡೆಗೆ ತಿರುಗೋಣ. ದಾನಿಗಳಿಗೂ ಅತಿಥಿಗಳಿಗೂ ಅರ್ಪಿಸುವ ಗೌರವಪತ್ರಗಳಲ್ಲಿ ಹಾಳೆಯ ತುಂಬ ಗಾಢವರ್ಣದ ಹಿನ್ನೆಲೆಯನ್ನು ಕೊಟ್ಟು, ಅದರ ಮೇಲೆ ಬಿಳಿಯ ಅಕ್ಷರಗಳನ್ನು ಬಿಡಿಸುವ ಪದ್ಧತಿ ಈಚೆಗೆ ಪ್ರಚಾರಕ್ಕೆ ಬಂದಿದೆ. 97 ಚದರ ಅಂಗುಲವೂ ತುಂಬಿದರೆ 290 ಮೈಕ್ರೊಲೀಟರ್. ಇದು ಇಪ್ಪತ್ತು ಪ್ರಶ್ನೆಪತ್ರಿಕೆಗಳ ಮಸಿಗೆ ಸಮ. ಎರಡು ಬಣ್ಣಗಳು ಒಂದರ ಮೇಲೊಂದು ಬಿದ್ದು ಮೂರನೆಯದನ್ನು ಉಂಟುಮಾಡುವಲ್ಲಿ ನಲವತ್ತಕ್ಕೆ ಸಮೀಪ. ಇಂತಹ ಇನ್ನೂರು ಗೌರವಪತ್ರಗಳು 58 ಮಿಲಿಲೀಟರನ್ನು, ಎಂದರೆ ಸರಿಸುಮಾರು ಒಂದು ಸೀಸೆಯನ್ನು ಬರಿದು ಮಾಡುತ್ತವೆ. ಸಾಂದ್ರತೆಯನ್ನು 600ರಲ್ಲಿ ಇಡಬೇಕೆ, 1200ರಲ್ಲಿ ಇಡಬೇಕೆ ಎಂದು ಜಗಳವಾಡುತ್ತಿದ್ದ ಇಬ್ಬರೂ ಸೇರಿ ಆ ಹಿನ್ನೆಲೆಯನ್ನು ತೆಗೆದು, ಬಿಳಿಯ ಕಾಗದದ ಮೇಲೆ ಒಂದು ಸುಂದರವಾದ ಅಂಚನ್ನು ಉಳಿಸಿದ್ದರೆ, ಆ ಮಸಿಯಲ್ಲಿ ನಾಲ್ಕು ಸಾವಿರ ಪ್ರಶ್ನೆಪತ್ರಿಕೆಗಳನ್ನು ಅಚ್ಚುಮಾಡಬಹುದಾಗಿತ್ತು. ದಾನಿಗಳಾದ ವಾಚಕರು ಈ ಹೋಲಿಕೆಗಾಗಿ ಬೇಸರಿಸಲಾರರೆಂದು ನಂಬಿದ್ದೇನೆ. ತಮ್ಮ ಹೆಸರಿನ ಸುತ್ತ ಬಳಿದ ನೀಲಿಗಿಂತ ಮಕ್ಕಳ ಕೈಯ ಹಾಳೆಗೆ ಆ ಮಸಿ ಸಲ್ಲಲೆಂದೇ ಅವರು ಕೊಟ್ಟಿರುವುದು.

ಭಾವಚಿತ್ರಗಳ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಗಣಕದಲ್ಲಿರುವ ಚಿತ್ರಕ್ಕೂ ತನ್ನದೇ ಆದ ಒಂದು ಸಾಂದ್ರತೆ ಇರುತ್ತದೆ. ಅದು ಚಿತ್ರಕಣಗಳ ಎಣಿಕೆ. ಇದನ್ನು 300ರಿಂದ 150ಕ್ಕೆ ಇಳಿಸಿದರೆ ಮಸಿ ಅರ್ಧ ಉಳಿಯುತ್ತದೆಂದು ಕೆಲವರು ಭಾವಿಸಿರುವರು. ಉಳಿಯುವುದಿಲ್ಲ, ಮುಖ ಮಾತ್ರ ಮಸುಕಾಗುತ್ತದೆ. ಯಂತ್ರಕ್ಕೆ ಬೂದುಬಣ್ಣದ ಮಸಿ ಇಲ್ಲದಿರುವಾಗ ಅದು ಬೂದಿಯನ್ನು ತೋರಿಸುವುದು ಹೇಗೆಂಬುದನ್ನು ತಿಳಿದರೆ ಇದು ಸ್ಪಷ್ಟವಾಗುತ್ತದೆ. 600ರ ಯಂತ್ರವು ನಾಲ್ಕು ಅಡ್ಡ, ನಾಲ್ಕು ಉದ್ದದ ಒಂದು ಚೌಕವನ್ನು ಕಲ್ಪಿಸಿಕೊಳ್ಳುತ್ತದೆ ಎನ್ನೋಣ. ಅದರಲ್ಲಿ ಹದಿನಾರು ಸ್ಥಾನಗಳು. ಎಂಟರಲ್ಲಿ ಕಪ್ಪು ಬಿಂದುವಿಟ್ಟು ಎಂಟನ್ನು ಖಾಲಿ ಬಿಟ್ಟರೆ, ಚುಕ್ಕಿರಂಗೋಲಿಯನ್ನು ದೂರದಿಂದ ಕಂಡಂತೆ, ಕಣ್ಣಿಗೆ ಅದು ಅರೆಗಪ್ಪು. 1200ರ ಯಂತ್ರ ಅದೇ ಎಡೆಯಲ್ಲಿ ಅರುವತ್ತನಾಲ್ಕು ಸ್ಥಾನಗಳನ್ನು ಹೊಂದಿರುತ್ತದೆ. ಅದೇ ಅರೆಗಪ್ಪಿಗೆ ಮೂವತ್ತೆರಡು ಕಿರುಬಿಂದುಗಳನ್ನು ಇಡುತ್ತದೆ. ಆವರಿಸಿದ ನೆಲ ಎರಡರಲ್ಲಿಯೂ ಅರ್ಧವೇ. ಹೆಚ್ಚು ಸ್ಥಾನಗಳಿದ್ದಾಗ ಛಾಯೆಗಳು ನುಣುಪಾಗಿ ಏರಿಳಿಯುತ್ತವೆ, ಕೆನ್ನೆಯ ಮೇಲೆ ಚುಕ್ಕಿಗಳು ಕಾಣುವುದಿಲ್ಲ. ಉನ್ನತ ಸಾಂದ್ರತೆಯ ಸಾರ್ಥಕತೆ ಇಲ್ಲಿದೆ. ಚಿತ್ರವನ್ನು ಬಿಂದುಗಳಾಗಿ ಒಡೆಯುವ ಈ ಉಪಾಯ ಪುಸ್ತಕಮುದ್ರಣಕ್ಕೂ ಹೊಸದಲ್ಲ. ಅಚ್ಚಾದ ಭಾವಚಿತ್ರವೊಂದನ್ನು ಭೂತಗನ್ನಡಿಯಡಿಯಲ್ಲಿ ಹಿಡಿದರೆ ಮಕ್ಕಳಿಗೆ ತೋರಿಸಬಹುದಾದ ಒಳ್ಳೆಯ ಪಾಠವಾದೀತು.

ಇಷ್ಟಾದರೂ ‘ಹೈ’ ಎಂಬ ದರ್ಜೆಯನ್ನು ಆರಿಸಿದಾಗ ಮಸಿ ಬೇಗ ತೀರುವುದನ್ನು ಕಣ್ಣಾರೆ ಕಂಡವರಿದ್ದಾರೆ. ಅವರ ಅನುಭವ ಸುಳ್ಳಲ್ಲ. ಕಾರಣ ಮಾತ್ರ ಬೇರೆ. ಆ ದರ್ಜೆಯ ಹೆಸರಿನಲ್ಲಿ ಯಂತ್ರವು ಹಲವು ನಿರ್ಧಾರಗಳನ್ನು ಒಟ್ಟಿಗೆ ಮಾಡುತ್ತದೆ. ಲೇಪವನ್ನು ದಟ್ಟಮಾಡುವುದು ಒಂದು. ಹಾಳೆಯ ಜಾತಿಯನ್ನು ‘ಫೋಟೋ ಕಾಗದ’ವೆಂದು ಸೂಚಿಸಿದ್ದರೆ, ಆ ಕಾಗದದ ಲೇಪನ ಹೆಚ್ಚು ಮಸಿಯನ್ನು ಹರಡದಂತೆ ಹೀರಿಕೊಳ್ಳಬಲ್ಲದಾದ್ದರಿಂದ, ಇನ್ನೂ ಧಾರಾಳವಾಗಿ ಸುರಿಯುವುದು. ಕಪ್ಪನ್ನು ಕಪ್ಪಿನಿಂದಲೇ ಮಾಡದೆ ನೀಲಿ, ಕೆನ್ನೀಲಿಗೆಂಪು, ಹಳದಿಗಳನ್ನು ಬೆರೆಸಿ ಮಾಡುವುದು. ಇದರಿಂದ ಒಂದು ಹನಿ ಸಾಲುವಲ್ಲಿ ಎರಡು ಮೂರು ಬೀಳುತ್ತವೆ. ಮುದ್ರಣಶಿರವು ಒಂದೇ ಸಾಲಿನ ಮೇಲೆ ಹಲವು ಬಾರಿ ಹಾಯುವುದನ್ನು ಕಂಡು ಪ್ರತಿ ಸಲವೂ ಅಷ್ಟಷ್ಟು ಮಸಿ ಹೋಯಿತೆಂದು ಹೌಹಾರಬೇಕಿಲ್ಲ. ಒಂದೇ ಸಲ ಬಿತ್ತುವುದನ್ನು ತಾಳುಗಳ ಕೆಲವನ್ನು ಮುಚ್ಚಿಕೊಂಡು ನಾಲ್ಕು ಸಲ ಬಿತ್ತಿದಂತೆ ಅದು. ಕಾಲ ಹಿಡಿಯುತ್ತದೆ, ಬೀಜ ಅಷ್ಟೇ.

ಆದುದರಿಂದ ಪ್ರಶ್ನೆಪತ್ರಿಕೆಯನ್ನು ಅಚ್ಚುಮಾಡುವವರು ಮೊದಲು ನೋಡಬೇಕಾದುದು ಸಂಖ್ಯೆಯನ್ನಲ್ಲ, ಹಾಳೆಯ ಜಾತಿ ‘ಸಾದಾ ಕಾಗದ’ ಎಂದಿದೆಯೆ, ಬಣ್ಣದ ಕಡೆ ‘ಕಪ್ಪು ಮಾತ್ರ’ ಎಂದಿದೆಯೆ ಎಂಬುದನ್ನು. ಇನ್ನು ಅತ್ಯಂತ ಕೆಳಗಿನ ‘ಡ್ರಾಫ್ಟ್’ ದರ್ಜೆ. ಇದು ನಿಜವಾಗಿಯೂ ಮಸಿಯನ್ನು ಉಳಿಸುತ್ತದೆ. ಏಕೆಂದರೆ ಇಡಬೇಕಾದ ಬಿಂದುಗಳಲ್ಲಿ ಕೆಲವನ್ನು ಇಡದೆಯೇ ಬಿಡುತ್ತದೆ. ತಿದ್ದುವುದಕ್ಕೆಂದು ತೆಗೆಯುವ ಕರಡಿಗೆ ಇದಕ್ಕಿಂತ ಯೋಗ್ಯವಾದುದಿಲ್ಲ. ಆದರೆ ‘ಧ’ಕಾರದ ಸೀಳಿನ ಗೆರೆಯ ದಪ್ಪ 0.2 ಮಿಲಿಮೀಟರ್ ಎಂದು ಇಟ್ಟುಕೊಂಡರೆ, 300ರ ಸಾಂದ್ರತೆಯಲ್ಲಿ ಅದರ ಅಡ್ಡಕ್ಕೆ ಎರಡು ಬಿಂದುಗಳು ಬರುತ್ತವೆ. ಅವುಗಳಲ್ಲಿ ಒಂದನ್ನು ಯಂತ್ರ ಬಿಟ್ಟಿತೆಂದರೆ ಮಹಾಪ್ರಾಣದ ಪ್ರಾಣವೇ ಹೋಯಿತು. 600ರಲ್ಲಿ ನಾಲ್ಕೈದು ಬಿಂದುಗಳಿರುತ್ತವೆ, ಗೆರೆ ನಿಲ್ಲುತ್ತದೆ. ಅದಕ್ಕೂ ಮೇಲೆ ಹೋದರೆ ಸಾದಾ ಕಾಗದದಲ್ಲಿ ಲಾಭ ಅಲ್ಪ. ಕಾಗದದ ನಾರುಗಳ ಗುಂಟ ಮಸಿ ಹಬ್ಬಿಕೊಳ್ಳುವುದರಿಂದ ಯಂತ್ರದ ಸೂಕ್ಷ್ಮತೆಯನ್ನು ಕಾಗದವೇ ನುಂಗಿಬಿಡುತ್ತದೆ. ಮಕ್ಕಳ ಕೈಗೆ ಹೋಗುವ ಕನ್ನಡದ ಹಾಳೆಗೆ ನಡುವಣ ದರ್ಜೆಯೇ ತಕ್ಕುದೆಂಬುದು ನನ್ನ ಅಭಿಪ್ರಾಯ.

ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ವೆಚ್ಚವನ್ನು ಇಲ್ಲಿ ಹೇಳಲೇಬೇಕು. ಬೇಸಗೆಯ ರಜೆಯಲ್ಲಿ ಏಪ್ರಿಲ್-ಮೇ ತಿಂಗಳುಗಳ ಉದ್ದಕ್ಕೂ ಯಂತ್ರ ಬಟ್ಟೆ ಹೊದ್ದು ಮಲಗಿರುತ್ತದೆ. ರಂಧ್ರಗಳಲ್ಲಿ ಮಸಿ ಒಣಗಿ ಕಟ್ಟಿಕೊಳ್ಳುತ್ತದೆ. ಶಾಲೆ ತೆರೆದ ದಿನ ಅಕ್ಷರಗಳ ನಡುವೆ ಬಿಳಿಯ ಗೆರೆಗಳು ಕಾಣಿಸಿದೊಡನೆ ಶುದ್ಧೀಕರಣದ ಗುಂಡಿಯನ್ನು ಮೇಲಿಂದ ಮೇಲೆ ಒತ್ತುತ್ತಾರೆ. ಪ್ರತಿ ಸಲವೂ ಒಳ್ಳೆಯ ಮಸಿಯೇ ರಂಧ್ರಗಳ ಮೂಲಕ ಎಳೆಯಲ್ಪಟ್ಟು ಯಂತ್ರದ ಅಡಿಯ ಹೀರುಬಟ್ಟೆಗೆ ಸೇರಿ ವ್ಯರ್ಥವಾಗುತ್ತದೆ, ಒಂದಕ್ಷರವೂ ಮೂಡುವುದಿಲ್ಲ. ರಜೆಯಲ್ಲಿ ಕಛೇರಿಯ ಸಿಬ್ಬಂದಿ ವಾರಕ್ಕೊಮ್ಮೆ ಎಲ್ಲ ಬಣ್ಣಗಳೂ ಸ್ವಲ್ಪ ಸ್ವಲ್ಪ ಬರುವಂತಹ ಒಂದು ಹಾಳೆಯನ್ನು ಅಚ್ಚುಮಾಡಿಟ್ಟರೆ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ.

ಈ ಲೆಕ್ಕಗಳನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಪ್ರೌಢಶಾಲೆಯ ಮಕ್ಕಳೇ ಪರೀಕ್ಷಿಸಿ ನೋಡಬಹುದು. ಮಸಿಯ ಕೋಶವನ್ನು ಹೊರತೆಗೆಯಲು ಬರುವ ಯಂತ್ರವಾದರೆ, ಗ್ರಾಮಿನ ನೂರನೆಯ ಭಾಗವನ್ನು ತೋರುವ ಪ್ರಯೋಗಾಲಯದ ತಕ್ಕಡಿಯಲ್ಲಿ ಕಪ್ಪು ಕೋಶವನ್ನು ತೂಗಿ, ಒಂದೇ ಪ್ರಶ್ನೆಪತ್ರಿಕೆಯ ಐವತ್ತು ಪ್ರತಿಗಳನ್ನು ಒಂದು ದರ್ಜೆಯಲ್ಲಿ ತೆಗೆದು, ಮತ್ತೆ ತೂಗಬೇಕು. ಮೇಲಿನ ಅಂದಾಜಿನಂತೆ ಮುಕ್ಕಾಲು ಗ್ರಾಮಿನಷ್ಟು ಇಳಿದಿರಬೇಕು. ಅಕ್ಷರಗಳು ಒತ್ತಾಗಿದ್ದರೆ ಇನ್ನೂ ಹೆಚ್ಚು. ಅನಂತರ ಅದೇ ಐವತ್ತನ್ನು ಮತ್ತೊಂದು ದರ್ಜೆಯಲ್ಲಿ. ಕೋಶವನ್ನು ತೆಗೆದಿಟ್ಟಾಗ ಯಂತ್ರವು ತಾನಾಗಿಯೇ ಶುದ್ಧೀಕರಣ ಮಾಡಿಕೊಳ್ಳುವುದುಂಟು. ಅದು ಎರಡು ಸಲವೂ ಹೆಚ್ಚುಕಡಿಮೆ ಸಮನಾಗಿ ಸೇರುವುದರಿಂದ ಹೋಲಿಕೆಗೆ ಬಾಧಕವಿಲ್ಲ. ಮುದ್ರಿತವಾದ ಹಾಳೆಗಳನ್ನು ತೂಗಿ ಪ್ರಯೋಜನವಿಲ್ಲ, ಮಸಿಯ ನೀರು ಆರಿಹೋಗಿರುತ್ತದೆ. ತೂಕಗಳೆರಡನ್ನೂ ಬರೆದಿಟ್ಟುಕೊಂಡ ಮೇಲೆ, ಎರಡು ದರ್ಜೆಗಳ ಒಂದೊಂದು ಹಾಳೆಯನ್ನು, ಯಾವುದು ಯಾವುದೆಂದು ತಿಳಿಸದೆ, ಐದನೆಯ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತ ಮಗುವಿನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸತಕ್ಕದ್ದು. ಎಲ್ಲಿ ತಡವರಿಸಿತೆಂಬುದನ್ನು ಆ ತೂಕದ ಪಕ್ಕದಲ್ಲಿಯೇ ಗುರುತು ಹಾಕಿಕೊಳ್ಳಬೇಕು.